ಬಾಯಿಗೆ ಬಾರದ ಕಬೂಲ್

"ಯಾರಾಕಿ?"

ಸೈದಾನಬಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಮಗ ಮುನವ್ವರ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಪ್ರತಿ ಮಂಗಳವಾರ ಇದೇ ವೇಷ. ಬರುವ ರವಿವಾರ ಅವನ ನಿಕಾಹ್!

"ಯಾರೂ ಇಲ್ಲಮ್ಮಾ. ಹೇಮಗುಡ್ಡದ ಕಡೆ ಒಂದು ಬಾಗಿಲ ಕೆಲಸ ಐತಿ."

"ಬಾಗಿಲಾ ಕೂಡಸಾಕ ಅತ್ತರ ಹಚ್ಕೊಂಡು ಹೋಗ್ತಾರೇನೋ?"

ಬಡಗಿ ಮುನವ್ವರ ಹಲ್ಲು ಕಿರಿದು ಸಂದಿಯಿಂದ ನುಸುಳಿದ. ಕೊಪ್ಪಳದಿಂದ ಗಂಗಾವತಿ ಬಸ್ಸು ಹತ್ತಿದ. ಅಲ್ಲಿ ಒಬ್ಬ ಹೆಂಗಸು ಅವನಿಗಾಗಿ ಕಾಯುತ್ತಿದ್ದದ್ದು ನಿಜ. ಡಾಕ್ಟರ್ ಅನುಸೂಯಾ. ವಯಸ್ಸು ಸೈದಾನಬಿಯದೇ.

ಠಾಣೆಗಳಲ್ಲಿ ಚಿತ್ರಹಿಂಸೆ ಉಂಡು ಬಂದವರ ಎದೆಭಾರ ಮಾತಿನಿಂದ ಇಳಿಯುತ್ತದೆಯೇ, ಇಳಿದರೆ ಎಂಥ ಮಾತಿನಿಂದ ಎಂದು ಪರೀಕ್ಷಿಸುವುದು ಆಕೆಯ ಕೆಲಸ. ಅದಕ್ಕೇ ಎರಡು ಗುಂಪು. ಮಂಗಳವಾರದವರು ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕು. ಶುಕ್ರವಾರದವರು ಹಳೆಯ ಸುದ್ದಿಯನ್ನೇ ಎತ್ತಬಾರದು. ಉಸಿರಾಟ, ನಿದ್ದೆ, ನಾಳೆಯ ಅಡುಗೆ, ಇಷ್ಟೇ ಮಾತು. ಇವರು ಅವರನ್ನು ನೋಡುವಂತಿಲ್ಲ.

ಪರವೂರಿನಲ್ಲಿ ಕೆಲಸಕ್ಕಿದ್ದಾಗ, ಯಾರೋ ಕದ್ದ ಒಡವೆಗಾಗಿ ಪೊಲೀಸರು ಮುನವ್ವರನನ್ನು ಎಳೆದೊಯ್ದಿದ್ದರು. ಪ್ರತಿ ಏಟಿಗೂ ಒಂದೇ ಮಾತು: "ಕಬೂಲ್ ಮಾಡಲೇ! ಕದ್ದೀನಂತ ಕಬೂಲ್ ಮಾಡು!" ಅವನು ಹಲ್ಲು ಕಚ್ಚಿ ಹಿಡಿದ. ಕೊನೆಗೆ ನಿಜವಾದ ಕಳ್ಳ ಸಿಕ್ಕ, ಇವನನ್ನು ಬಿಟ್ಟರು. ಮನೆಯಲ್ಲಿ ಬೈಕಿನಿಂದ ಬಿದ್ದೆ ಎಂದು ಹೇಳಿದ. ಈಗ ಮಂಗಳವಾರದ ಗುಂಪಿನಲ್ಲಿ ಎಲ್ಲವನ್ನೂ ಹೇಳಬಲ್ಲ, ಆ ಒಂದು ಶಬ್ದ ಬಿಟ್ಟು. ಅದು ಬಾಯಿಗೆ ಬಂತೆಂದರೆ ದವಡೆ ಕಟ್ಟುತ್ತದೆ.

ನಿಕಾಹ್‌ಗೆ ಬೇಕಾದದ್ದೂ ಅದೇ ಶಬ್ದ! ಕಾಜಿ ಕೇಳಬೇಕು, ಮದುಮಗ ಊರ ಮುಂದೆ "ಕಬೂಲ್ ಹೈ" ಅನ್ನಬೇಕು. ಅನ್ನದಿದ್ದರೆ ಸಬೀನಾ ಕೈತಪ್ಪಿದಳು. ಸಬೀನಾ ಎಂದರೆ ಅವನಿಗೆ ಜೀವ.

"ಬರ್ರಿ ಮದುಮಗಾ," ಎಂದ ಗುಂಪಿನ ದುರುಗೇಶ, ಮುನವ್ವರ ಗಂಗಾವತಿಯ ಕೋಣೆಗೆ ಕಾಲಿಡುತ್ತಲೇ. ಪಂಪಸೆಟ್ ಕದ್ದೀ ಎಂದು ಹೊಡೆಸಿಕೊಂಡವನು ಅವನು. ಈಗ ಗುಂಪಿಗೆಲ್ಲ ನಗೆಗಾರ. ತಲೆಗೆ ಟವೆಲ್ ಸುತ್ತಿ ಕಾಜಿಯಾದ. "ಹುಡುಗಿ ಕಬೂಲೇನಪಾ?"

"ಕ... ಕ... ಕಬಾಬ್!"

"ತಡಿಯೋ ಮಾರಾಯಾ, ಊಟ ಆಮ್ಯಾಲ!"

ಕೋಣೆ ಹೊಟ್ಟೆ ಹಿಡಿದು ನಕ್ಕಿತು. ಡಾಕ್ಟರ ಕನ್ನಡಕ ಜಾರಿ ಬಿತ್ತು. ಇದೇ ಕೋಣೆಯಲ್ಲಿ ಇವರೆಲ್ಲ ಬಿಕ್ಕಿ ಬಿಕ್ಕಿ ಅತ್ತವರು.

"ಸಬೀನಾಗ ಒಂದ್ಮಾತು ಹೇಳಿಬಿಡಪ್ಪ," ಎಂದರು ಡಾಕ್ಟರು.

"ಬ್ಯಾಡ್ರಿ ಮೇಡಂ. ಆಕಿ ಭಾಳ ನಗಮುಖದಾಕಿ. ಇಂಥಾ ಸುದ್ದಿ ಆಕಿ ಕಿವಿಗ್ಯಾಕ?"

ಸಬೀನಾ ಕುಷ್ಟಗಿಯವಳು, ಹೊಲಿಗೆ ಕಲಿಸುವವಳು. ಹುಡುಗಿ ನೋಡಲು ಹೋದ ದಿನ ಅವಳ ತಾಯಿ, "ಹುಡುಗ ಕಬೂಲೇನವಾ?" ಎಂದಾಗ ಮುನವ್ವರನ ಕೈಯಿಂದ ಚಹದ ಬಸಿ ಉರುಳಿತ್ತು. ಸಬೀನಾ ದುಪಟ್ಟಾ ಬಾಯಿಗೊತ್ತಿ ಒಳಗೆ ಓಡಿದ್ದಳು. "ಎಷ್ಟ ನಾಚಿಗಿ ನೋಡ್ರಿ ಇಬ್ಬರಿಗೂ!" ಎಂದು ಹಿರಿಯರು ನಕ್ಕಿದ್ದರು. ಆಮೇಲೆ ಫೋನಿನಲ್ಲಿ ದಿನಾ ಹರಟೆ. ವಾರದಲ್ಲಿ ಒಂದು ದಿನ ಮಾತ್ರ ಅವಳ ಫೋನು ಬಂದ್. ಪರವೂರಿನಲ್ಲಿ ಹೊಲಿಗೆ ಕ್ಲಾಸಂತೆ. ಅವನ ಮಂಗಳವಾರಗಳ ಬಗ್ಗೆ ಅವಳೂ ಕೆದಕಲಿಲ್ಲ. ಎಂಥ ಒಳ್ಳೆಯ ಹುಡುಗಿ!

ರವಿವಾರ ಬಂದೇಬಿಟ್ಟಿತು. ಕುಷ್ಟಗಿಯ ಶಾದಿಮಹಲ್ ತುಂಬ ಬಿರಿಯಾನಿ ವಾಸನೆ. ಮುಖದ ತುಂಬ ಹೂವಿನ ಸೆಹರಾ ಇಳಿಬಿಟ್ಟುಕೊಂಡು ಮುನವ್ವರ ಬೆವರುತ್ತ ಕುಳಿತ. ಮುಂದಿನ ಸಾಲಿನಿಂದ ದುರುಗೇಶ ತುಟಿ ಆಡಿಸಿದ: ಕಬಾಬ್, ಕಬಾಬ್.

ಮೊದಲು ಕೇಳುವುದು ಹುಡುಗಿಯನ್ನು. ಅವಳ ಒಪ್ಪಿಗೆ ತರಲು ಹಿರಿಯ ಹುಸೇನಬಾಷಾ ಸಾಕ್ಷಿಗಳ ಜತೆ ಪರದೆಯ ಒಳಗೆ ಹೋದ. ಹೋದವ ಹೊರಗೆ ಬರಲೊಲ್ಲ! ಗುಸುಗುಸು ಎದ್ದಿತು. ಕಾಜಿ ಗಡ್ಡ ನೀವಿದರು. ಪರದೆಯಂಚಿನಿಂದ ಸೈದಾನಬಿ ಮಗನನ್ನು ಸುಡುವಂತೆ ನೋಡಿದಳು.

ಮುನವ್ವರನಿಗೆ ಖಾತ್ರಿಯಾಯಿತು. ಸಬೀನಾಗೆ ಗೊತ್ತಾಗಿದೆ! ಅತ್ತರು, ಗಂಗಾವತಿ, ಸುಳ್ಳು, ಎಲ್ಲ. ಯಾವಳೋ ಇದ್ದಾಳೆಂದು ತಿಳಿದು ಒಲ್ಲೆ ಅಂದಿದ್ದಾಳೆ. ಮೊದಲೇ ಹೇಳಿಬಿಟ್ಟಿದ್ದರೆ! ಅವನಿಗೆ ಅಳುವೇ ಬಂತು. ಇನ್ನು ಮರ್ಯಾದೆ ಹೋದರೆ ಹೋಗಲಿ, ಎಲ್ಲರ ಮುಂದೆ ಹೇಳಿಬಿಡುತ್ತೇನೆಂದು ಏಳಲು ಹೊರಟ.

ಅಷ್ಟರಲ್ಲಿ ಹುಸೇನಬಾಷಾ ತಲೆ ಕೆರೆಯುತ್ತ ಹೊರಗೆ ಬಂದ. ಸೆಹರಾ ಸರಿಸಿ ಅವನ ಕಿವಿಯಲ್ಲಿ ಪಿಸುಗುಟ್ಟಿದ:

"ಹುಡುಗಿ ನಿನ್ನ ಖುಷಿಲೇ ಒಪ್ಯಾಳಪಾ, ಆದ್ರ 'ಕಬೂಲ್' ಅಂತ ಮಾತ್ರ ಬಾಯಾಗ ಬರವಲ್ದಂತ, ಶುಕ್ರವಾರದವರಿಗೆ ಗಂಗಾವತಿ ಡಾಕ್ಟರು ಆ ಹಳೇ ಮಾತ ಎತ್ತಾಕ ಬಿಡಂಗಿಲ್ಲ ಅಂತಾಳ, ಏನೋ ಏನ ಕತಿಯೋ!"