ತೋಪಿನ ಹೊಸಿಲು

ಬಂದವರನ್ನು ಬೇಡವೆನ್ನುವ ಹಕ್ಕು ಕಾಡುಗಳಿಗೆ ಸಿಕ್ಕ ಮೇಲೆ, ಇಂಗ್ಲೆಂಡಿನ ಡೆವನ್‌ನ ಆ ಪುಟ್ಟ ಓಕ್ ತೋಪು ಹನ್ನೊಂದು ವರ್ಷ ಯಾರನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಜನ ಬರುತ್ತಿದ್ದರು, ಅಡ್ಡ ಹೆಣೆದುಕೊಂಡ ಕೊಂಬೆಗಳು ಸರಿದಾವೆಂದು ಕಾಯುತ್ತಿದ್ದರು, ಗೇಟಿನ ಬಳಿಯೇ ಸ್ಯಾಂಡ್‌ವಿಚ್ ತಿಂದು ಮರಳುತ್ತಿದ್ದರು.

ಪಕ್ಕದ ಊರಿನ ಆಸ್ಪತ್ರೆಯ ನರ್ಸ್, ಗದಗಿನ ನೀಲಗಂಗಾ, ಅಂದು ಮೊದಲ ಸಲ ಬಂದಿದ್ದಳು. ಬಂದವಳೇ ಬಗ್ಗಿ ಬೂಟು, ಕಾಲುಚೀಲ ಬಿಚ್ಚಿ ಗೇಟಿನ ಪಕ್ಕ ಜೋಡಿಸಿಟ್ಟಳು.

“ಅಯ್ಯೋ, ಕೆಸರಿದೆ, ಮುಳ್ಳಿದೆ!” ಎಂದ ಕಾವಲುಗಾರ ವಿಲ್ಫ್ರೆಡ್. ಎರಡೇ ದಿನದಲ್ಲಿ ನಿವೃತ್ತನಾಗಲಿದ್ದ ಮುದುಕ.

“ಇರ್ಲಿ ಬಿಡ್ರಿ. ಮಂದಿ ಮನಿಯೊಳಗ ಬೂಟು ಹಾಕ್ಕೊಂಡು ಹೋಗ್ತಾರೇನು?” ಎಂದವಳು ಮರಗಳತ್ತ ತಿರುಗಿ, “ಬರ್ಲೇನ್ರಿ ಒಳಗ?” ಎಂದು ಕೇಳಿದಳು.

ತೇವದ ಮಣ್ಣಿಗೆ ಅವಳ ಬರಿಗಾಲು ತಾಗಿದ್ದೇ ತಡ, ಕೊಂಬೆಗಳು ಒಂದೊಂದಾಗಿ ಬಿಡಿಸಿಕೊಂಡು ಪಕ್ಕಕ್ಕೆ ಸರಿದವು. ಎಲೆಗಳ ಹಸಿರು ಬೆಳಕು ಅವಳ ಪಾದದ ಮೇಲೆ ಬಿತ್ತು.

ನಾಲ್ಕು ಹೆಜ್ಜೆ ಒಳಗಿಟ್ಟು ಅವಳು ಹಿಂತಿರುಗಿ ನೋಡಿದಳು. ಹನ್ನೊಂದು ವರ್ಷ ಹೊರಗೇ ನಿಂತು ಕಾದಿದ್ದ ವಿಲ್ಫ್ರೆಡ್ ಹುಲ್ಲಿನ ಮೇಲೆ ಕೂತು ಬೂಟಿನ ಲೇಸಿನ ಗಂಟು ಬಿಚ್ಚುತ್ತಿದ್ದ. ಕೊಂಬೆಗಳು ಇನ್ನೂ ಮುಚ್ಚಿಕೊಂಡಿರಲಿಲ್ಲ.

“ಅವಸರ ಮಾಡಬ್ಯಾಡ್ರಿ,” ಎಂದಳು ನೀಲಗಂಗಾ. “ಅವು ಕಾಯಾಕತ್ತಾವ.”