ದಿನಕ್ಕೊಂದೇ ಕೊಡ

"ಕೊಡ ಕೆಳಗಿಡಿ," ಎಂದರು ಬೀಗದ ಸಾಹೇಬರು.

ಕೋಟಕ್ಕ ಇಟ್ಟಳು. ತಟ್ಟೆ ಮುಚ್ಚಿದ, ಕಂಠಮಟ್ಟ ತುಂಬಿದ ಕೊಡ. ಒಂದು ಹನಿಯೂ ತುಳುಕದ ಹಾಗೆ ಮೆಲ್ಲಗೆ ಇಟ್ಟಳು. ಪಕ್ಕದಲ್ಲೇ ಬಾವಿ. ಬಾವಿಯ ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಸರಕಾರಿ ಬೀಗ, ಬೀಗದ ಪಕ್ಕ ಯಾರೋ ಸರಳು ಬಗ್ಗಿಸಿ ಮಾಡಿದ ಕಿಂಡಿ. ಚೊಂಬು ಹಿಡಿಸುವಷ್ಟಿತ್ತು. ಹಗ್ಗ ಮಾತ್ರ ಕಾಣಲಿಲ್ಲ. ಎಲ್ಲೋ ಬಚ್ಚಿಟ್ಟಿರಬೇಕು, ಭಲೇ ಹೆಂಗಸು, ಎಂದುಕೊಂಡರು ಸಾಹೇಬರು.

"ಬೋರ್ಡು ಓದಿದ್ದೀರಾ?"

"ಓದಿದ್ದೀನಿ ಸಾರ್. ನೀರು ಎತ್ತಬಾರದು ಅಂತಿದೆ. ನಾನೆಲ್ಲಿ ಎತ್ತಿದೆ?"

ತುಂಬಿದ ಕೊಡ ಮುಂದಿಟ್ಟುಕೊಂಡು ಹೀಗೆ ಹೇಳಬೇಕಾದರೆ ಎಂಥ ಗುಂಡಿಗೆ ಇರಬೇಕು ನೋಡಿ.

ಬೀದಿ ಕೊನೆಯ ಡ್ರೈಕ್ಲೀನಿಂಗ್ ಅಂಗಡಿಯವರು ಬಟ್ಟೆ ತೊಳೆದ ದ್ರಾವಣವನ್ನು ಹಿತ್ತಲಿಗೆ ಸುರಿದೂ ಸುರಿದೂ ಸುತ್ತಲಿನ ನಲವತ್ತು ಬಾವಿಗಳು ಕೆಟ್ಟಿದ್ದವು. ಮೂರು ವರ್ಷದ ಹಿಂದೆ ಅಂಗಡಿ ಮುಚ್ಚಿಸಿ, ಅಷ್ಟೂ ಬಾವಿಗಳಿಗೆ ಬೀಗ ಜಡಿದವರು ಇವರೇ. ಆ ನಲವತ್ತರಲ್ಲಿ ಒಂದು ಅವರ ಸ್ವಂತ ಮನೆಯದು. ಅಂದಿನಿಂದ ಅಮ್ಮ ಮಗನೊಡನೆ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನೆಲ್ಲ ಸೊಸೆಯ ಕಡೆ ತಿರುಗಿ ಹೇಳುತ್ತಿದ್ದರು. "ಬೀಗ ಹಾಕಿದ ಕೈಯೇ ಬೀಗ ತೆಗೀಲಿ ಕಣಮ್ಮ, ಆಮೇಲೆ ಮಾತು."

ಬೀಗ ತೆಗೆಯಬೇಕಾದರೆ ನೀರಿನಲ್ಲಿ ವಿಷದ ಅಂಕಿ ಇಳಿಯಬೇಕು. ಅಂಗಡಿ ಮುಚ್ಚಿ ಮೂರು ವರ್ಷವಾದರೂ ಅದು ಇಳಿಯಲೊಲ್ಲದು. ಏಕೆಂದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಕುಡಿಯೋಕಾ?" ಕೇಳಿದರು ಸಾಹೇಬರು.

"ಅಯ್ಯೋ, ಇದನ್ನ ಯಾರಾದ್ರೂ ಕುಡೀತಾರಾ ಸಾರ್? ಬಟ್ಟೆ ಕೆಲಸದ್ದು."

"ದಿನಾ ಎಷ್ಟು?"

"ದಿನಕ್ಕೊಂದೇ ಕೊಡ ಸಾರ್. ಹೇಗಿದ್ರೂ ಕೆಟ್ಟ ಬಾವಿ, ಯಾರಿಗೂ ಬೇಡ. ನನ್ನ ಹೊಟ್ಟೆಪಾಡು ನಡೆಯುತ್ತೆ."

ಸಾಹೇಬರ ಮನಸ್ಸು ಕರಗಿತು. ಅವಳು ಕೆಲಸಕ್ಕಿದ್ದದ್ದು ಅದೇ ಅಂಗಡಿಯಲ್ಲಿ. ಅನ್ನ ಕಿತ್ತುಕೊಂಡದ್ದು ತಾವೇ.

ವಿಚಾರಣೆ ನೆಪದಲ್ಲಿ ಅವಳ ಮನೆಗೂ ಹೋಗಿಬಂದರು. ಒಂದೇ ಕೋಣೆ. ಗೋಡೆಯುದ್ದಕ್ಕೂ ಊರಿನವರ ಕೋಟುಗಳು, ಉಣ್ಣೆಯ ಶಾಲುಗಳು. ಊರು ಅವಳನ್ನು ಕೋಟಕ್ಕ ಎನ್ನುತ್ತಿದ್ದದ್ದೇ ಅದಕ್ಕೆ. ಎರಡು ನೀಲಿ ಡ್ರಮ್ಮುಗಳ ಮೇಲೆ ಹಲಗೆ ಹಾಕಿ ಇಸ್ತ್ರಿ ಮೇಜು ಮಾಡಿಕೊಂಡಿದ್ದಳು. ಅಂಗಡಿಯ ಯಜಮಾನ ಊರು ಬಿಡುವಾಗ ಹಳೇ ಸಾಮಾನನ್ನೆಲ್ಲ ಇವಳಿಗೇ ಇಳಿಸಿ ಹೋಗಿದ್ದನಂತೆ. ಬಟ್ಟೆ ಒಣಹಾಕುವ ತಂತಿ ಎಲ್ಲೂ ಇರಲಿಲ್ಲ. ಏನೋ ಸೆಂಟಿನ ಸಿಹಿ ವಾಸನೆಗೆ ಸಾಹೇಬರಿಗೆ ತಲೆ ಸುತ್ತಿತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಲ್ಲ, ಅದಕ್ಕೇ ಎಂದುಕೊಂಡರು. ತಮ್ಮ ಕೋಟನ್ನೂ ಅವಳಿಗೇ ಕೊಟ್ಟುಬಂದರು. ವರ್ಷಗಟ್ಟಲೆ ಜಗ್ಗದಿದ್ದ ಮಸಿಯ ಕಲೆ ಮರುದಿನ ಮಂಗಮಾಯ.

ಆ ರಾತ್ರಿ ಅವರಿಗೊಂದು ಲೆಕ್ಕ ಹೊಳೆಯಿತು. ದಿನಕ್ಕೊಂದು ಕೊಡ ಎಂದರೆ ವರ್ಷಕ್ಕೆ ಮುನ್ನೂರ ಅರವತ್ತೈದು ಕೊಡ ವಿಷ ಕಡಿಮೆಯಾದಂತೆ. ಇಲಾಖೆ ಮಾಡಲಾಗದ ಕೆಲಸವನ್ನು ಈ ಹೆಂಗಸು ಬಿಟ್ಟಿಯಾಗಿ ಮಾಡುತ್ತಿದ್ದಾಳೆ. ಬೆಳಗಾಗುತ್ತಲೇ ಬಾವಿಯ ಇನ್ನೊಂದು ಕೀಲಿಯನ್ನು ಅವಳ ಕೈಗಿಟ್ಟರು.

"ತುಂಬಾ ಉಪಕಾರ ಸಾರ್," ಎಂದು ಕೋಟಕ್ಕ ಕಣ್ಣೊರೆಸಿಕೊಂಡಳು. "ಆ ಕಿಂಡೀಲಿ ಅರ್ಧ ಹೊರಗೇ ಚೆಲ್ಲಿಹೋಗ್ತಿತ್ತು. ಎಲ್ಲರೂ ನಿಮ್ಮ ಹಾಗೆ ಅರ್ಥ ಮಾಡ್ಕೊಂಡ್ರೆ ಎಷ್ಟು ಚೆನ್ನ."

ಮುಂದಿನ ಪರೀಕ್ಷೆಯ ವರದಿ ಬಂತು. ಅಂಕಿ ದುಪ್ಪಟ್ಟಾಗಿತ್ತು. ಇನ್ನು ಹತ್ತು ವರ್ಷ ಬೀಗ ತೆಗೆಯುವ ಮಾತಿಲ್ಲ ಎಂದಿತು ಇಲಾಖೆ.

ಅಮ್ಮ ಸೊಸೆಯತ್ತ ತಿರುಗಿದರು. "ಹತ್ತು ವರ್ಷ ನಾನಿರ್ತೀನಾ ಅಂತ ಕೇಳು ಅವನನ್ನ."

ಸಾಹೇಬರಿಗೆ ಅಳು ಒತ್ತರಿಸಿ ಬಂತು. ಚಪ್ಪಲಿ ಮೆಟ್ಟಿ ನೇರ ಬಾವಿಯ ಹತ್ತಿರ ನಡೆದರು. ಕೋಟಕ್ಕ ಅಲ್ಲೇ ಇದ್ದಳು. ಕೈಯಲ್ಲಿ ಕೀಲಿ, ಕಟ್ಟೆಯ ಮೇಲೆ ತುಂಬಿದ ಕೊಡ. ಪಾಪ, ಏದುಸಿರು ಬಿಡುತ್ತಿದ್ದಳು. ಇಡೀ ಊರಿನಲ್ಲಿ ತಮ್ಮ ಪರವಾಗಿ ದುಡಿಯುತ್ತಿರುವ ಒಂದೇ ಜೀವ ಇದು ಎನಿಸಿತು ಅವರಿಗೆ.

"ನಾಳೆಯಿಂದ ಎರಡು ಕೊಡ ಮಾಡಿ ಅಕ್ಕಾ. ನಾನೇ ಹೇಳ್ತಿದ್ದೀನಿ."

"ಎರಡಾ? ಅಷ್ಟೊಂದು ಗಿರಾಕಿ ಎಲ್ಲಿದ್ದಾರೆ ಸಾರ್," ಎಂದು ಅವಳು ನಕ್ಕಳು.

ಸಾಹೇಬರು ಅಂಗಿಯ ತೋಳು ಮಡಿಸಿ, ಕೊಡವನ್ನು ತಾವೇ ಹೆಗಲಿಗೇರಿಸಿಕೊಂಡು ಅವಳ ಮನೆಯ ದಾರಿ ಹಿಡಿದರು. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೋಟಕ್ಕ ಕೂಗಿದಳು.

"ಆ ಕಡೆ ಎಲ್ಲಿಗೆ ಸಾರ್? ಮನೆಯಿಂದ ಈಗ ತಾನೆ ಹೊತ್ತು ತಂದಿದ್ದು. ಬಾವಿಗೆ ಸುರೀಬೇಕು, ಈ ಕಡೆ ಬನ್ನಿ."