ಹೂಂಗುಟ್ಟುವವರು

"ಗೇರ್‌ಬಾಕ್ಸ್ ಸುಟ್ಟುಹೋಗ್ತಿರೋದು ಎಣ್ಣೆ ತಪ್ಪಿಂದಲ್ಲ ಸರ್," ಎಂದಳು ಹುಡುಗಿ.

"ಹೂಂ," ಎಂದರು ಮುಖ್ಯ ಎಂಜಿನಿಯರ್, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಪಕ್ಕದಲ್ಲಿ ಎಚ್‌ಆರ್ ಮೇಡಂ ತಮ್ಮ ಲ್ಯಾಪ್‌ಟಾಪನ್ನು ಟಕಟಕ ಕುಟ್ಟುತ್ತಿದ್ದರು. ಸಂದರ್ಶನ ನಡೆದಿದ್ದದ್ದು ಕಿಟಕಿಯಿಲ್ಲದ ಕೋಣೆಯಲ್ಲಿ, ಹಾಡುಹಗಲಲ್ಲೂ ದೀಪ ಉರಿಯಲೇಬೇಕು.

ಸೂಪರ್‌ವೈಸರ್ ಬಾಗಿಲಲ್ಲೇ ಬುದ್ಧಿ ಹೇಳಿ ಕಳಿಸಿದ್ದ: "ಕೆಲಸ ನಿಂಗೇ ಅಂತ ಆಗಿಹೋಗಿದೆ ಡಾಕ್ಟ್ರಮ್ಮ. ಒಳಗೆ ನಿನ್ನ ಪುರಾಣ ಬಿಚ್ಚಬೇಡ. ಕೇಳಿದ್ದಕ್ಕೆ ಹೂಂ ಅಂದು ಎದ್ದು ಬಾ." ಡಾಕ್ಟ್ರಮ್ಮ ಎನ್ನುವುದು ಶೆಡ್ಡಿನವರು ಇಟ್ಟ ಹೆಸರು. ಇಂಟರ್ನ್ ಆಗಿ ಬಂದ ಲಾಗಾಯ್ತು ಅವಳು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೊತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಅದರ ಎದೆಬಡಿತ ಕೇಳುತ್ತ ಕೂತವಳು. ಹಾಗೆ ಕೇಳಿ ಕೇಳಿಯೇ ಅದು ಗುಟ್ಟು ಬಿಟ್ಟುಕೊಟ್ಟಿತ್ತು. ಈ ಇಬ್ಬರ ಬಾಯಲ್ಲಿ ಒಮ್ಮೆ "ಹೌದಾ!" ಅನ್ನಿಸಬೇಕೆಂಬುದು ಅವಳಿಗೆ ಕೆಲಸಕ್ಕಿಂತ ದೊಡ್ಡ ಆಸೆ.

"ತಣ್ಣಗಿದ್ದಾಗ ಮೋಟಾರಿನ ಶಾಫ್ಟೂ ಈ ಗೇರ್‌ಬಾಕ್ಸಿನ ಶಾಫ್ಟೂ ಒಂದೇ ಸಾಲಲ್ಲಿರ್ತವೆ ಸರ್. ಓಡಿ ಬಿಸಿಯಾದ್ಮೇಲೆ ಇದು ಒಂದು ಕೂದಲೆಳೆಯಷ್ಟು ಮೇಲೇಳುತ್ತೆ. ಆಮೇಲೆ ಎರಡಕ್ಕೂ ಜಗಳ, ಎಣ್ಣೆಗೆ ಬೈಗುಳ."

"ಹೂಂ."

ಈ ಹೂಂ ಅವಳಿಗೆ ಗೊತ್ತಿದ್ದ ಹೂಂ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವುದು ಇವಳ ಪಾಲಿನ ಕೆಲಸವಾಗಿತ್ತು. ಹೂಂ ಮಂಕಾಯಿತೋ, ಅಜ್ಜಿ ಕಥೆಯೊಳಕ್ಕೆ ಮೆಲ್ಲಗೆ ಒಂದು ಸುಳ್ಳು ತೂರಿಸುವಳು: "ಆಗ ರಾಜಕುಮಾರಿ ಆನೇನ ಎತ್ತಿ ಜಡೆಗೆ ಮುಡ್ಕೊಂಡಳಂತೆ." ಅದಕ್ಕೂ ಹೂಂ ಬಂದರೆ ಮಗು ನಿದ್ದೆಹೋಗಿದೆ ಎಂದೇ ಅರ್ಥ.

ಹುಡುಗಿ ದನಿ ಬದಲಿಸಲಿಲ್ಲ. "ಬಿಚ್ಚಿ ನೋಡಿದ್ರೆ ಸರ್, ಒಳಗೊಬ್ಬ ರಾಕ್ಷಸ ಕೂತಿದ್ದ. ಅವನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿತ್ತು."

"ಹೂಂ. ಡ್ರಾಯಿಂಗ್ ಇದೆಯಾ?"

"ಗಿಳೀದಾ ಸರ್?"

"ಎಲ್ಲಾದ್ರದ್ದೂ. ಮೇಲ್ ಮಾಡಿಬಿಡು."

"ಟೀಮಲ್ಲಿ ಯಾರ್ಯಾರಿದ್ರಿ?" ಎಂದರು ಮೇಡಂ.

"ನಾನು, ರಾಜಕುಮಾರ, ಮತ್ತೊಂದು ಮಾತಾಡೋ ಕುದುರೆ ಮೇಡಂ."

"ಗುಡ್, ಗುಡ್. ಹೊಂದ್ಕೊಂಡು ಹೋಗೋದು ಮುಖ್ಯ." ಟಕಟಕ. "ಕಂಗ್ರಾಟ್ಸ್. ಸೋಮವಾರದಿಂದ ಸೇರ್ಕೋತೀಯಲ್ಲಮ್ಮಾ?"

ಇನ್ನು ಅವಳ ಕಡೆಯಿಂದ ಒಂದು ಹೂಂ ಬಾಕಿ, ಅಷ್ಟೇ. ಮನೆಯಲ್ಲಿ ಅಮ್ಮ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿ ಕೂತಿದ್ದಳು. ಹೂಂ ನಾಲಿಗೆಯ ತುದಿಯವರೆಗೆ ಬಂದೂ ಬಂತು. ಹುಡುಗಿ ಅದನ್ನು ನುಂಗಿಕೊಂಡಳು.

"ಇಲ್ಲ ಮೇಡಂ. ನಾನು ಸೇರ್ಕೊಳ್ಳಲ್ಲ."

"ಗುಡ್, ಗುಡ್."

ಕಥೆಯ ನಡುವೆ ನಿದ್ದೆಹೋದ ಮಗುವನ್ನು ಅಜ್ಜಿ ಯಾವತ್ತೂ ಬೈದವಳಲ್ಲ. ಹೊದಿಕೆ ಸರಿಮಾಡಿ, ಸದ್ದಾಗದಂತೆ ಎದ್ದುಹೋಗುವಳು. ಹುಡುಗಿಯೂ ಕುರ್ಚಿಯನ್ನು ಕೈಯಲ್ಲೆತ್ತಿ ಹಿಂದಕ್ಕಿಟ್ಟಳು. ಬಾಗಿಲ ಬಳಿ ನಿಂತು ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ದೀಪ ಆರಿಸ್ಲಾ ಸರ್?"

"ಹೂಂ."

ಕತ್ತಲಲ್ಲಿ ಎರಡು ನೀಲಿ ಮುಖಗಳು ತೇಲುತ್ತ ಉಳಿದವು. ಟಕಟಕ ನಿಲ್ಲಲಿಲ್ಲ.